ಕೂಗಿದರೆ ಓಗೊಡಬೇಕು: ನಾವಿಕರ ಕೂಗುಗಳನ್ನು ಕೋಲಾರದ ಕೆರೆ ಏರಿಯ ಮೇಲೆ ಕಲಿಯುವ ಬಗೆ

ಬಂಗಾರಪೇಟೆಯಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ‘ಹೋಲ್ಡಾನ್!’ ಎಂದು ಕೂಗಿದಾಗಲೆಲ್ಲ ನನ್ನ ಕಣ್ಣೆದುರು ಹಡಗಿನ ದಪ್ಪ ಹಗ್ಗ ಬಂದು ನಿಲ್ಲುತ್ತದೆ. ಬಂದರಿನಲ್ಲಿ ಹಡಗು ಕಟ್ಟುವಾಗ ನಮಗೆ ಕೊಡುತ್ತಿದ್ದ ಆಜ್ಞೆಯೂ ಅದೇ, ‘ಹೋಲ್ಡ್ ಆನ್’. ಎಳೆಯುವುದನ್ನು ನಿಲ್ಲಿಸು, ಆದರೆ ಹಗ್ಗ ಬಿಡಬೇಡ ಎಂದು ಅರ್ಥ. ಹಾಯಿಹಡಗಿನ ಕಾಲದವರು ಇದೇ ಕೆಲಸಕ್ಕೆ ‘ಅವಾಸ್ಟ್’ ಎನ್ನುತ್ತಿದ್ದರು. ಅದು ಡಚ್ಚರ ‘ಹೌಡ್ ವಾಸ್ಟ್’ ಎಂಬ ಮಾತು ಸವೆದು ಉಳಿದ ರೂಪ. ಬಿಗಿಯಾಗಿ ಹಿಡಿ ಎಂದು ಅದರ ಮೂಲಾರ್ಥ. ಡಚ್ಚರ ಮಾತಿನ ಅರ್ಥ ಇಂಗ್ಲಿಷ್ ಪದದ ವೇಷ ಹಾಕಿಕೊಂಡು ನಮ್ಮ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತಿದೆ.

ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ದುಡಿದೆ. ಡೆಕ್ ಉಜ್ಜುವ ಹುಡುಗನಾಗಿ ಸೇರಿ ಬೋಸನ್, ಅಂದರೆ ಡೆಕ್ ಕೆಲಸಗಾರರ ಮೇಸ್ತ್ರಿ, ಆಗಿ ಹೊರಬಂದೆ. ಈಗ ಊರಿನಲ್ಲಿ ಹಿಪ್ಪುನೇರಳೆ ಸೊಪ್ಪು, ಟೊಮೆಟೊ ಬೆಳೆಯುತ್ತೇನೆ. ನೌಕಾಪಡೆಗೋ ಹಡಗಿನ ತರಬೇತಿಗೋ ಹೊರಟ ಹುಡುಗರು ಬೇಸಿಗೆಯಲ್ಲಿ ಸಂಜೆ ಹೊತ್ತು ಬರುತ್ತಾರೆ. ಕಳೆದ ವರ್ಷದಿಂದ ಇಬ್ಬರು ಹೆಣ್ಣುಮಕ್ಕಳೂ ಬರುತ್ತಿದ್ದಾರೆ. ಸಮುದ್ರ ಕಾಣದ ಸೀಮೆಯಲ್ಲಿ ಸಮುದ್ರದ ಕೂಗು ಕಲಿಸುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನೀರು ಬೇಕಿಲ್ಲ, ದೂರ ಬೇಕು, ಗಾಳಿ ಬೇಕು, ಒಂದು ಹಗ್ಗ ಬೇಕು. ಮೂರೂ ಕೋಲಾರದಲ್ಲಿ ಧಾರಾಳವಾಗಿವೆ. 2018ರ ನಂತರ ಕೆ.ಸಿ. ವ್ಯಾಲಿ ಯೋಜನೆಯಿಂದ ಕೆರೆಗಳು ತುಂಬಿದ ಮೇಲೆ ನೋಡಲು ನೀರೂ ಇದೆ.

ಹಡಗಿನ ಕೂಗುಗಳು ನೂರಾರಿದ್ದರೂ ಅವುಗಳ ಮರ್ಮ ಕನ್ನಡದ ಒಂದೇ ಕ್ರಿಯಾಪದದಲ್ಲಿದೆ: ಓಗೊಡು. ಯಾರಾದರೂ ಹೊಲದ ಆಚೆಯಿಂದ ಕರೆದರೆ ‘ಓ’ ಎನ್ನುತ್ತೇವಲ್ಲ, ಅದು. ಕರೆಯುವುದಕ್ಕೆ ಎಲ್ಲ ಭಾಷೆಯಲ್ಲೂ ಪದವಿದೆ. ಕರೆಗೆ ‘ಓ’ ಎನ್ನುವುದಕ್ಕೆಂದೇ ಹೀಗೊಂದು ಪದ ಮಾಡಿಟ್ಟುಕೊಂಡವರನ್ನು ನಾನು ಸುತ್ತಿದ ಬಂದರುಗಳಲ್ಲಿ ಕಾಣಲಿಲ್ಲ. ಹಡಗಿನಲ್ಲಿ ಒಂಟಿ ಕೂಗು ಎಂಬುದಿಲ್ಲ. ಮರುಕೂಗು ಬರುವ ತನಕ ಮೊದಲನೆಯದು ಆಗಿಯೇ ಇಲ್ಲ ಎಂದು ಲೆಕ್ಕ. ಮುಂದಿನ ಪಾಠಗಳೆಲ್ಲ ಇದರ ವಿಸ್ತಾರ.

ಒಂದು ಅಭ್ಯಾಸವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರು ಸಲ ಕೂಗುವ ತನಕ ಓ ಎನ್ನಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡವರ ಬೀದಿಯಲ್ಲಿ ಬೆಳೆದವರೆಲ್ಲ ಈ ಮಾತು ಕೇಳಿಯೇ ಇರುತ್ತೀರಿ. ಹಡಗಿನಲ್ಲಿ ನಡುರಾತ್ರಿಯ ಮೊದಲ ಕೂಗಿಗೇ ಓಗೊಡಬೇಕು. ಮೂರನೆಯದಕ್ಕೆ ಕಾಯುವವನನ್ನು ದೆವ್ವವಲ್ಲ, ಬೋಸನ್ ಹಿಡಿಯುತ್ತಾನೆ.

ಮೊದಲು ಗಂಟಲು

ಏರಿಯ ಈ ತುದಿಯಲ್ಲಿ ಒಬ್ಬರು, ಇನ್ನೂರು ಹೆಜ್ಜೆ ಆಚೆ ಇನ್ನೊಬ್ಬರು ನಿಂತುಕೊಳ್ಳಿ. ಮುಖದ ಮೇಲೆ ಗಾಳಿ ಬೀಸುತ್ತಿದೆಯೋ ಬೆನ್ನಿಗೋ ಎಂದು ಮೊದಲು ನೋಡಿಕೊಳ್ಳಿ. ಗಾಳಿಗೆ ಎದುರಾಗಿ ಕೂಗಿದ ಸದ್ದು ಮೇಲಕ್ಕೆ ಬಾಗಿ ಕೇಳುವವನ ತಲೆಯ ಮೇಲಿಂದ ಹಾದುಹೋಗುತ್ತದೆ. ಗಾಳಿಯ ಜೊತೆಗೆ ಹೋದದ್ದು ನೆಲದ ಕಡೆ ಬಾಗಿ ದೂರ ಮುಟ್ಟುತ್ತದೆ. ಗಂಟಲು ಹರಿದುಕೊಂಡರೆ ಗಾಳಿಗೇನೂ ಆಗುವುದಿಲ್ಲ, ನಾಳೆ ನಿಮಗೆ ಮಾತು ಹೊರಡುವುದಿಲ್ಲ ಅಷ್ಟೇ. ಉಸಿರನ್ನು ಹೊಟ್ಟೆಯಿಂದ ತಳ್ಳಿ, ಎರಡು ಅಂಗೈಗಳನ್ನು ಬಾಯಿಯ ಅಕ್ಕಪಕ್ಕ ದೊನ್ನೆ ಮಾಡಿ, ಸ್ವರವನ್ನು ಎಳೆಯಿರಿ.

ವ್ಯಂಜನಗಳು ಗಾಳಿಯಲ್ಲಿ ಉದುರಿಹೋಗುತ್ತವೆ, ದೂರ ಹೋಗುವುದು ದೀರ್ಘ ಸ್ವರ. ಅಹೋಯ್, ಹೋ, ನಮ್ಮ ಓ, ಕುರಿ ಕಾಯುವವರ ‘ಹೋಯ್’, ಎಲ್ಲದರ ಹೊಟ್ಟೆಯಲ್ಲೂ ಒಂದು ಓಕಾರ ಇರುವುದು ಇದಕ್ಕೇ. ‘ರಮೇಶ್’ ಎಂದು ಕೂಗಿದರೆ ಆಚೆಯವನಿಗೆ ಕೇಳುವುದು ‘ಏ’ ಮಾತ್ರ. ಸುರೇಶನೂ ತಿರುಗಿ ನೋಡುತ್ತಾನೆ, ಮಹೇಶನೂ ತಿರುಗಿ ನೋಡುತ್ತಾನೆ.

ಮೊದಲ ವಾರ ಇಷ್ಟೇ. ಬೇಸರವಾದರೆ ಒಂದು ದಿನ ಅಂತರಗಂಗೆ ಬೆಟ್ಟದ ಬುಡಕ್ಕೆ ಹೋಗಿ ಬಂಡೆಗಳ ಕಡೆಗೆ ಕೂಗಿ. ನಿಮ್ಮ ಕೂಗಿನ ಯಾವ ಭಾಗ ಮರಳಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಬಂಡೆಯೇ ಹೇಳುತ್ತದೆ. ಭಕ್ತರು ಬರುವ ಹೊತ್ತಿನಲ್ಲಿ ಬೇಡ. ಅಲ್ಲಿನ ಕೋತಿಗಳ ಬಗ್ಗೆಯೂ ಎಚ್ಚರವಿರಲಿ.

ಕರೆಯುವುದು: ಅಹೋಯ್

ಎಲ್ಲರಿಗೂ ಗೊತ್ತಿರುವ ಕೂಗು ಇದೇ, ಈಗ ಎಲ್ಲಕ್ಕಿಂತ ಕಡಿಮೆ ಬಳಸುವುದೂ ಇದನ್ನೇ. ಇದರ ಬೇರು ‘ಹೋಯ್’ ಎಂಬ ಹಳೆಯ ಇಂಗ್ಲಿಷ್ ಕೂಗು. ಗಮನ ಸೆಳೆಯಲು, ಹಂದಿ ದನಗಳನ್ನು ಅಟ್ಟಲು ಅವರು ಹಾಗೆ ಕೂಗುತ್ತಿದ್ದರು. ಅದು ಕಡಲಿಗೆ ಇಳಿದು, ಮುಂದೊಂದು ‘ಅ’ ಸೇರಿಸಿಕೊಂಡು ಹಡಗಿನಿಂದ ಹಡಗಿಗೆ ಕರೆಯುವ ಮಾತಾಯಿತು. ಟೆಲಿಫೋನ್ ಬಂದಾಗ ಕರೆ ಎತ್ತಿದವರು ‘ಅಹೋಯ್’ ಎನ್ನಬೇಕೆಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ ಬಯಸಿದ್ದರು. 1877ರಲ್ಲಿ ಎಡಿಸನ್ ‘ಹಲೋ’ ಎನ್ನಬೇಕೆಂದರು, ಗೆದ್ದರು. ಇಲ್ಲದಿದ್ದರೆ ಇವತ್ತು ನಮ್ಮ ಟೊಮೆಟೊ ಮಂಡಿಯಲ್ಲಿ ಬೆಳಗಿನ ಜಾವ ಸಾವಿರ ಜನ ಮೊಬೈಲ್ ಕಿವಿಗಿಟ್ಟು ‘ಅಹೋಯ್’ ಎನ್ನುತ್ತಿದ್ದರು.

ಬಳಸುವ ಕ್ರಮ ಹೀಗೆ. ಯಾರನ್ನು ಕರೆಯುತ್ತಿದ್ದೀರೋ ಅದು ಮೊದಲು, ಅಹೋಯ್ ನಂತರ. ‘ಬೋಟ್ ಅಹೋಯ್!’ ಅಥವಾ ಹಡಗಿನ ಹೆಸರು ಹಿಡಿದು ಇಂಥ ಹಡಗು ಅಹೋಯ್! ಕೂಗಿ ಬಾಯಿ ಮುಚ್ಚಿಕೊಂಡು ಹತ್ತು ಎಣಿಸಿ. ಒಂದೇ ಸಮನೆ ಕೂಗುತ್ತಿದ್ದರೆ ಆಚೆಯವನ ಉತ್ತರ ನಿಮ್ಮ ಕೂಗಿನಲ್ಲೇ ಮುಳುಗುತ್ತದೆ. ಹುಡುಗರು ಎಡವುವುದು ಹೆಚ್ಚಾಗಿ ಈ ಹತ್ತು ಎಣಿಸುವಲ್ಲಿ.

ನೌಕಾಪಡೆಗಳ ಹಳೆಯ ವಾಡಿಕೆಯಲ್ಲಿ ಇದಕ್ಕೆ ಬರುವ ಉತ್ತರ ಬಲು ಸೊಗಸಾದದ್ದು. ಕತ್ತಲಲ್ಲಿ ಹಡಗಿನ ಕಡೆಗೆ ಒಂದು ದೋಣಿ ಬರುತ್ತಿದೆ. ಕಾವಲಿನವನು ‘ಬೋಟ್ ಅಹೋಯ್!’ ಎನ್ನುತ್ತಾನೆ. ದೋಣಿಯಲ್ಲಿ ಅಧಿಕಾರಿ ಇದ್ದರೆ ಉತ್ತರ ‘ಆಯ್ ಆಯ್’. ಅಧಿಕಾರಿ ಯಾರೂ ಇಲ್ಲದಿದ್ದರೆ ‘ನೋ ನೋ’. ಒಂದು ಹಡಗಿನ ಕ್ಯಾಪ್ಟನ್ ಇದ್ದರೆ ಆ ಹಡಗಿನ ಹೆಸರನ್ನೇ ಕೂಗುತ್ತಾರೆ. ಅಡ್ಮಿರಲ್ ಇದ್ದರೆ ‘ಫ್ಲ್ಯಾಗ್’. ನಿಮ್ಮ ಹಡಗಿಗೆ ಬರುತ್ತಿಲ್ಲ, ಸುಮ್ಮನೆ ಹಾದುಹೋಗುತ್ತಿದ್ದೇವೆ ಎಂದಾದರೆ ‘ಪಾಸಿಂಗ್’. ಒಂದೇ ಪದದಲ್ಲಿ ಯಾರು ಬಂದರು, ಮೆಟ್ಟಿಲ ಬಳಿ ಎಷ್ಟು ಮರ್ಯಾದೆಗೆ ಸಿದ್ಧವಾಗಬೇಕು ಎಂಬುದೆಲ್ಲ ತಿಳಿದುಬಿಡುತ್ತದೆ. ನಮ್ಮಲ್ಲಿ ಕದ ತಟ್ಟಿದವರನ್ನು ‘ಯಾರು?’ ಎಂದರೆ ‘ನಾನು’ ಎನ್ನುತ್ತಾರೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಸರಕು ಹಡಗಿನಲ್ಲಿ ಕೆಲಸಕ್ಕಾಗಿ ಅಹೋಯ್ ಎಂದದ್ದನ್ನು ನಾನು ಕೇಳಿದ್ದು ಎರಡೇ ಸಲ. ಎರಡು ಸಲವೂ ರೇಡಿಯೊ ಕೆಟ್ಟಿತ್ತು.

ಓಗೊಡುವುದು: ಆಯ್ ಆಯ್

ಇಲ್ಲಿ ನಿಧಾನಿಸಿ. ‘ಆಯ್’ ಒಂದು ಸಲ ಎಂದರೆ ಹೌದು. ಎರಡು ಸಲ ಎಂದರೆ ತಿಳಿಯಿತು, ಮಾಡುತ್ತೇನೆ. ಒಂದು ಪ್ರಶ್ನೆಗೆ ಉತ್ತರ, ಇನ್ನೊಂದು ಆಜ್ಞೆಗೆ. ‘ಲಂಗರು ಮೇಲೆ ಬಂತೇ?’ ಎಂಬುದಕ್ಕೆ ‘ಆಯ್ ಆಯ್’ ಎನ್ನುವುದು ತಪ್ಪು, ‘ಲಂಗರು ಎತ್ತು’ ಎಂಬುದಕ್ಕೆ ಬರಿಯ ‘ಆಯ್’ ಎನ್ನುವುದೂ ತಪ್ಪು. ನಮ್ಮ ‘ಹೂಂ’ ಎರಡಕ್ಕೂ ನಡೆಯುತ್ತದೆ, ಮನೆಯಲ್ಲಿ ಆಗುವ ಅರ್ಧ ಜಗಳಕ್ಕೆ ಕಾರಣವೂ ಅದೇ. ‘ಹಾಲು ತಂದುಬಿಡು’ ಎಂದದ್ದಕ್ಕೆ ‘ಹೂಂ’ ಎಂದವನು ಕೇಳಿಸಿತು ಎಂದು ಹೇಳಿರುತ್ತಾನೆ, ತರುತ್ತೇನೆ ಎಂದು ಹೇಳಿರುವುದಿಲ್ಲ. ಮೇಲಿನವರು ಕೆಳಗಿನವರಿಗೆ ‘ಆಯ್ ಆಯ್’ ಎನ್ನುವುದಿಲ್ಲ ಎಂಬುದನ್ನೂ ನೆನಪಿಡಿ.

ನನ್ನ ಮೊದಲ ಹಡಗಿನ ಮಾತು. ರಾತ್ರಿ, ಸಣ್ಣಗೆ ಮಳೆ, ಬಂದರಿನಲ್ಲಿ ಹಡಗು ಕಟ್ಟುತ್ತಿದ್ದೆವು. ಹಿಂಭಾಗದಲ್ಲಿ ನಾನು ಹಗ್ಗ ಎಳೆಯುವ ಯಂತ್ರ, ವಿಂಚ್, ಹಿಡಿದಿದ್ದೆ. ಅಧಿಕಾರಿ ಅಂಚಿನ ಕಂಬಿಯ ಮೇಲೆ ಬಾಗಿ ಕೆಳಗೆ ಹಡಗುಕಟ್ಟೆಯನ್ನು ನೋಡುತ್ತಿದ್ದ. ‘ಹೋಲ್ಡ್ ಆನ್!’ ಎಂದ. ಕೇಳಿಸಿತು, ಕೂಡಲೇ ನಿಲ್ಲಿಸಿದೆ. ಊರಿನಲ್ಲಿ ಹಿರಿಯರು ಏನಾದರೂ ಹೇಳಿದರೆ ಮಾಡುವಂತೆ ವಿನಯದಿಂದ ತಲೆಯಾಡಿಸಿದೆ. ಯಂತ್ರದ ಗದ್ದಲದಲ್ಲಿ ವಿಂಚ್ ನಿಂತದ್ದು ಅವನಿಗೆ ತಿಳಿಯಲಿಲ್ಲ. ಮತ್ತೆ ಕೂಗಿದ. ಮತ್ತೆ ತಲೆಯಾಡಿಸಿದೆ. ಮೂರನೆಯ ಸಲ ಅವನು ಅಂಚು ಬಿಟ್ಟು ನನ್ನ ಕಡೆ ಓಡಿಬಂದ. ಅವನು ಬೆನ್ನು ತಿರುಗಿಸಿದ ಆ ಹೊತ್ತಿನಲ್ಲೇ ಅತ್ತಲಿನ ಇನ್ನೊಂದು ಹಗ್ಗ ಹಡಗಿನ ಭಾರಕ್ಕೆ ಬಿಗಿಯತೊಡಗಿತ್ತು. ನೀರು ಹಿಂಡಿಕೊಂಡು ಕಿರ್ ಎಂದು ಸದ್ದು ಮಾಡಿತು. ಬಿಗಿದ ಹಗ್ಗ ಹರಿದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ, ಎದುರಿಗಿದ್ದವರ ಕಾಲು ಉಳಿಯುವುದಿಲ್ಲ. ಅಂದು ಹರಿಯಲಿಲ್ಲ, ನಮ್ಮ ಪುಣ್ಯ.

ಕೆಲಸ ಮುಗಿದ ಮೇಲೆ ರತ್ನಾಗಿರಿ ಕಡೆಯ ಹಿರಿಯ ಬೋಸನ್ ನನ್ನನ್ನು ಕೂರಿಸಿ ಚಹಾ ಕೊಟ್ಟು ಕೇಳಿದ: ‘ನೀನು ತಲೆಯಾಡಿಸಿದ್ದು ಕತ್ತಲೆಗೆ ಕಾಣಿಸಿತೇ?’ ಬೈಗುಳಕ್ಕೆ ಸಿದ್ಧನಾಗಿದ್ದವನಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಅಭ್ಯಾಸ ಮಾಡುವುದು ಹೀಗೆ. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕೂರಬೇಕು. ಒಬ್ಬ ಸಣ್ಣ ಸಣ್ಣ ಕೆಲಸ ಹೇಳುತ್ತಾ ಹೋಗಬೇಕು, ಕಲ್ಲೆತ್ತು, ಹಗ್ಗ ಗಂಟು ಹಾಕು, ಗಂಟು ಬಿಚ್ಚು ಎಂದು. ಇನ್ನೊಬ್ಬ ಆಜ್ಞೆಯನ್ನು ಮರುನುಡಿದು, ಮಾಡಿ, ಮುಗಿಯಿತು ಎಂದು ಹೇಳಬೇಕು. ಮೂರು ಮಾತು: ಮರುನುಡಿ, ಕೆಲಸ, ವರದಿ. ಒಬ್ಬರನ್ನೊಬ್ಬರು ನೋಡಲು ಬಿಡಬೇಡಿ. ಮೂರು ದಿನದಲ್ಲಿ ತಲೆಯಾಡಿಸುವ ಚಟ ಬಿಡುತ್ತದೆ. ಮನೆಯಲ್ಲಿ ತಾಯಂದಿರು ಮೊದಲು ಗಾಬರಿಯಾಗಿ ಆಮೇಲೆ ಸಂತೋಷಪಡುತ್ತಾರೆ.

ಸೈಕಲ್ಲಿನ ಮೇಲೆ ಚುಕ್ಕಾಣಿ

ರಾಜಕೀಯದ ಸುದ್ದಿಯಲ್ಲಿ ದಿನವೂ ಯಾರೋ ಒಬ್ಬರು ಪಕ್ಷದ ಚುಕ್ಕಾಣಿ ಹಿಡಿಯುತ್ತಾರೆ. ಅದು ಅರಬರ ‘ಸುಕ್ಕಾನ್’. ಲಂಗರು, ಬಂದರು ಎರಡೂ ಪರ್ಷಿಯನ್ನಿನವು. ಸಮುದ್ರವಿಲ್ಲದ ನಮಗೂ ಸಮುದ್ರದ ಪದಗಳ ಸಾಲ ಇದೆ.

ಚುಕ್ಕಾಣಿಯ ಆಜ್ಞೆಗಳಲ್ಲಿ ಮೊದಲು ಎಡಬಲ. ಹಡಗಿನ ಮೂತಿಯ ಕಡೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ನೀವು ಯಾವ ಕಡೆ ತಿರುಗಿ ನಿಂತರೂ ಅವು ಬದಲಾಗುವುದಿಲ್ಲ. ರಾತ್ರಿಯ ದೀಪ ಪೋರ್ಟಿಗೆ ಕೆಂಪು, ಸ್ಟಾರ್‌ಬೋರ್ಡಿಗೆ ಹಸಿರು. ನನ್ನ ಹುಡುಗರಿಗೆ ಹೇಳಿಕೊಡುವ ಸೂತ್ರ: ಬಲಕ್ಕೆ ಬಾಳೆಲೆ. ಹಸಿರು ಬಲ ಎಂದು ತಿಳಿದರೆ ಕೆಂಪು ತಾನೇ ಎಡಕ್ಕೆ ಹೋಗುತ್ತದೆ.

ಎಡಕ್ಕೆ ಹಿಂದೆ ‘ಲಾರ್‌ಬೋರ್ಡ್’ ಎನ್ನುತ್ತಿದ್ದರು. ಲಾರ್‌ಬೋರ್ಡ್, ಸ್ಟಾರ್‌ಬೋರ್ಡ್ ಎರಡನ್ನೂ ಬಿರುಗಾಳಿಯಲ್ಲಿ ಕೂಗಿ ನೋಡಿ, ಬೇರೆ ಮಾಡಿ ಕೇಳಲಾಗುವುದಿಲ್ಲ. 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡನ್ನು ಕೈಬಿಟ್ಟು ಪೋರ್ಟ್ ಎಂದೇ ಹೇಳಬೇಕೆಂದು ಆಜ್ಞೆ ಮಾಡಿತು. ಕೂಗಿನ ಇತಿಹಾಸದಲ್ಲಿ ಇದಕ್ಕಿಂತ ವಿವೇಕದ ತೀರ್ಮಾನ ಇಲ್ಲ ಎಂದು ನನ್ನ ಎಣಿಕೆ. ಇನ್ನೊಂದು ಗೋಜಲು ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು: ಆಜ್ಞೆಯನ್ನು ಚುಕ್ಕಾಣಿಯ ಹಿಡಿಕೆಯ ಲೆಕ್ಕದಲ್ಲಿ ಕೊಡುತ್ತಿದ್ದರು, ಹಿಡಿಕೆ ಬಲಕ್ಕೆ ಹೋದರೆ ಹಡಗು ಎಡಕ್ಕೆ ತಿರುಗುತ್ತದೆ. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ಹಿಮಗಡ್ಡೆ ಕಂಡಾಗ ಕೊಟ್ಟ ಆಜ್ಞೆ ‘ಹಾರ್ಡ್ ಎ ಸ್ಟಾರ್‌ಬೋರ್ಡ್’, ಹಡಗು ತಿರುಗಿದ್ದು ಎಡಕ್ಕೆ. ತಪ್ಪೇನೂ ಆಗಿರಲಿಲ್ಲ, ಅಂದಿನ ಕ್ರಮವೇ ಹಾಗಿತ್ತು. ಇಂದು ಸ್ಟಾರ್‌ಬೋರ್ಡ್ ಎಂದರೆ ಹಡಗೂ ಬಲಕ್ಕೇ ತಿರುಗಬೇಕು.

ಶಾಲೆಯ ಮೈದಾನದಲ್ಲಿ ಸೈಕಲ್ ತೆಗೆದುಕೊಳ್ಳಿ. ಹಿಂದಿನ ಕ್ಯಾರಿಯರ್ ಮೇಲೆ ಕುಳಿತವರು ಅಧಿಕಾರಿ, ತುಳಿಯುವವರು ಚುಕ್ಕಾಣಿಗ. ಅಧಿಕಾರಿ ‘ಸ್ಟಾರ್‌ಬೋರ್ಡ್ ಟೆನ್’ (ಚುಕ್ಕಾಣಿ ಹತ್ತು ಡಿಗ್ರಿ ಬಲಕ್ಕೆ) ಎಂದರೆ ಚುಕ್ಕಾಣಿಗ ‘ಸ್ಟಾರ್‌ಬೋರ್ಡ್ ಟೆನ್’ ಎಂದು ಮರುನುಡಿದು, ಹ್ಯಾಂಡಲ್ ತುಸು ಬಲಕ್ಕೆ ತಿರುಗಿಸಿ, ‘ಸ್ಟಾರ್‌ಬೋರ್ಡ್ ಟೆನ್ ಆನ್’ ಎನ್ನಬೇಕು. ‘ಮಿಡ್‌ಶಿಪ್ಸ್’ ಎಂದರೆ ಹ್ಯಾಂಡಲ್ ನೇರಕ್ಕೆ. ‘ಸ್ಟೆಡಿ’ ಎಂದರೆ ಈಗ ತಿರುಗುತ್ತಿರುವುದನ್ನು ಆದಷ್ಟು ಬೇಗ ತಡೆದು ನಿಲ್ಲಿಸು. ಮರುನುಡಿಯಲು ಮರೆತವರು ಇಳಿದು ಜಾಗ ಬದಲಿಸಬೇಕು. ಚುಕ್ಕಾಣಿಯ ಪ್ರತಿಯೊಂದು ಆಜ್ಞೆಯನ್ನೂ ಮರುನುಡಿಯಬೇಕು ಎಂಬುದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಒಪ್ಪಿದ ಹಡಗಿನ ನುಡಿಗಟ್ಟುಗಳಲ್ಲಿ ಬರೆದಿಟ್ಟ ನಿಯಮ. ರಸ್ತೆಯಲ್ಲಿ ಮಾತ್ರ ಇದನ್ನು ಆಡಬೇಡಿ.

ಒಟ್ಟಿಗೆ ಎಳೆಯುವುದು: ಐಸಾ

ಇದನ್ನು ಕಲಿಸುವ ಅಗತ್ಯವೇ ಇಲ್ಲ, ನಿಮಗೆ ಬರುತ್ತದೆ. ವಿದ್ಯುತ್ ಕಂಬ ನಿಲ್ಲಿಸುವಾಗ, ಆವಣಿಯ ತೇರೆಳೆಯುವಾಗ, ಬಾವಿಯಿಂದ ಮೋಟಾರು ಎತ್ತುವಾಗ ಒಬ್ಬ ‘ಐಸಾ’ ಎನ್ನುತ್ತಾನೆ, ಉಳಿದವರು ‘ಐಸಾ’ ಎಂದು ಎಳೆಯುತ್ತಾರೆ. ನಮ್ಮ ಗಡಿಯ ತೆಲುಗು ಬಾಯಿಯಲ್ಲಿ ಅದು ‘ಹೈಲೆಸ್ಸಾ’, ಕರಾವಳಿಯ ಮೀನುಗಾರರ ಹಾಡಿನಲ್ಲಿ ‘ಐಲೇಸಾ’. ಇಂಗ್ಲಿಷ್ ನಾವಿಕನ ‘ಹೀವ್ ಹೋ’ ಮಾಡುವ ಕೆಲಸವೂ ಇದೇ.

ಕೂಗಿನ ಒಳಗಿನ ಯಂತ್ರವನ್ನು ಬಿಚ್ಚಿ ನೋಡಿ. ಮೊದಲ ಅಕ್ಷರದಲ್ಲಿ ಹಿಡಿತ ಬಿಗಿಯುತ್ತದೆ, ಎರಡನೆಯದರಲ್ಲಿ ಉಸಿರು ಬಿಟ್ಟು ಮೈಭಾರ ಹಿಂದಕ್ಕೆ ಹಾಕುತ್ತೇವೆ. ಹತ್ತು ಜನ ಹತ್ತು ಹೊತ್ತಿನಲ್ಲಿ ಎಳೆದರೆ ತೇರು ಕದಲುವುದಿಲ್ಲ. ಅದೇ ಹತ್ತು ಜನ ಒಂದೇ ‘ಸಾ’ಕ್ಕೆ ಎಳೆದರೆ ಕದಲುತ್ತದೆ. ಹಾಯಿಹಡಗುಗಳಲ್ಲಿ ಇದೇ ಬೆಳೆದು ಹಾಡಾಯಿತು. ಒಬ್ಬ ಮುಂದಿನ ಸಾಲು ಹೇಳುತ್ತಾನೆ, ಆಗ ಉಳಿದವರಿಗೆ ವಿಶ್ರಾಂತಿ. ಪಲ್ಲವಿಯಲ್ಲಿ ಒತ್ತು ಬೀಳುವ ಅಕ್ಷರಕ್ಕೆ ಎಲ್ಲರೂ ಎಳೆಯುತ್ತಾರೆ. ಉಗಿಯ ವಿಂಚ್ ಬಂದ ಮೇಲೆ ಆ ಹಾಡುಗಳಿಗೆ ಕೆಲಸ ಹೋಯಿತು. ನಮ್ಮಲ್ಲಿ ನಾಟಿಯ ಪದ, ರಾಗಿ ಬೀಸುವ ಪದಗಳಿಗೆ ಆದದ್ದೂ ಅದೇ.

ಅಭ್ಯಾಸಕ್ಕೆ ಕಣದ ಕಲ್ಲುಗುಂಡು ಸಾಕು. ಆರು ಜನ, ಒಂದು ಹಗ್ಗ, ಸಮತಟ್ಟಾದ ನೆಲ. ಕೂಗುವವನು ಎಳೆಯಬಾರದು; ಬದಿಯಲ್ಲಿ ನಿಂತು ಎಲ್ಲರ ಕಾಲು ನೋಡುತ್ತಿರಬೇಕು. ಅವನು ‘ಹೋಲ್ಡ್ ಆನ್’ ಎಂದರೆ ಎಲ್ಲರೂ ಅದನ್ನೇ ಮರುನುಡಿದು, ಹಗ್ಗ ಬಿಡದೆ ನಿಲ್ಲಬೇಕು. ಹಗ್ಗವನ್ನು ಕೈಗೆ ಸುತ್ತಿಕೊಂಡವರನ್ನು ಅಲ್ಲೇ ಹೊರಗೆ ಕಳುಹಿಸಿ.

ಇಲ್ಲಿ ಒಂದು ಸಣ್ಣ ಅಡ್ಡದಾರಿ. ಭಾರತದ ನಾವಿಕರಿಗೆ ತಮ್ಮದೇ ಒಂದು ಭಾಷೆ ಇತ್ತು: ಹಿಂದೂಸ್ತಾನಿ, ಪೋರ್ಚುಗೀಸ್, ಅರಬ್ಬಿ, ಪರ್ಷಿಯನ್, ಇಂಗ್ಲಿಷ್ ಎಲ್ಲ ಕಲಸಿದ್ದು. 1811ರಲ್ಲೇ ಕಲ್ಕತ್ತದಲ್ಲಿ ಅದಕ್ಕೊಂದು ನಿಘಂಟು ಅಚ್ಚಾಗಿತ್ತು. ಬೋಸನ್‌ಗೆ ಆ ಭಾಷೆಯಲ್ಲಿ ‘ಸಾರಂಗ’, ಅವನ ಕೈಕೆಳಗಿನವನು ‘ಟಿಂಡಾಲ್’. ‘ಸಾರಂಗ ಕರೆಯುತ್ತಾನೆ’ ಎಂದು ಮೊದಲ ದಿನ ಹೇಳಿದಾಗ ನಾನು ಜಿಂಕೆಯನ್ನು ನೆನೆದುಕೊಂಡು ಹೋದೆ. ಎದುರಿಗಿದ್ದದ್ದು ಮೀಸೆಯ ಕಾಡುಕೋಣ. ಪದ ಬಂದದ್ದು ಪರ್ಷಿಯನ್ ‘ಸರ್‌ಹಂಗ್’ನಿಂದ, ದಳಪತಿ ಎಂದು ಅರ್ಥ. ಕೆಳಗಿಳಿಸು ಎನ್ನಲು ‘ಆರಿಯಾ’. ಅದು ಪೋರ್ಚುಗೀಸರ ‘ಅರಿಯಾರ್’.

ಎರಡು ವರ್ಷದ ಹಿಂದೆ ನರಸಾಪುರದ ಕೈಗಾರಿಕಾ ಪ್ರದೇಶದ ಪಕ್ಕ ಹಾದುಹೋಗುತ್ತಿದ್ದೆ. ಒಂದು ಕ್ರೇನ್ ಕಬ್ಬಿಣದ ತೊಲೆ ಇಳಿಸುತ್ತಿತ್ತು. ಕೆಳಗೆ ನಿಂತ ಹುಡುಗ, ಉತ್ತರದ ಕಡೆಯವನು, ಅಂಗೈಯನ್ನು ನೆಲದತ್ತ ಆಡಿಸುತ್ತಾ ‘ಆರಿಯಾ, ಆರಿಯಾ’ ಎನ್ನುತ್ತಿದ್ದ. ಸ್ಕೂಟರ್ ನಿಲ್ಲಿಸಿಬಿಟ್ಟೆ. ಎಲ್ಲಿ ಕಲಿತೆ ಎಂದು ಕೇಳಿದರೆ, ಇದರಲ್ಲಿ ಕಲಿಯುವುದೇನಿದೆ, ಕ್ರೇನಿನ ಮಾತು ಎಂದ. ನಾಲ್ಕೈದು ಶತಮಾನ ಹಳೆಯ ಹಡಗಿನ ಕೂಗು ಕೋಲಾರದ ಕೆಂಪು ಮಣ್ಣಿನ ಮೇಲೆ ತೊಲೆ ಇಳಿಸುತ್ತಿತ್ತು.

ಮಾರು ಹಾಕಿ ಆಳ ಹೇಳುವ ಕೂಗು

ಈಗಿನ ಹಡಗಿನಲ್ಲಿ ಆಳ ನೋಡಲು ಯಂತ್ರವಿದೆ. ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಎಸೆದು, ಬಂದ ಆಳವನ್ನು ಹಾಡಿನ ಧಾಟಿಯಲ್ಲಿ ಕೂಗುತ್ತಿದ್ದರು. ಅಳತೆಯ ಮಾನ ಫ್ಯಾದಮ್, ಅಂದರೆ 6 ಅಡಿ, ಎರಡು ಕೈ ಚಾಚಿದಷ್ಟು ಉದ್ದ. ಇದು ನಮ್ಮ ಮಾರು, ಬೇರೇನೂ ಅಲ್ಲ. ಬಾವಿ ಎಷ್ಟು ಮಾರು ಎಂದು ಕೇಳುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಈ ವಿದ್ಯೆ ಅರ್ಧ ಬಂದಂತೆಯೇ.

ಹಗ್ಗದ ಗುರುತುಗಳು ಹೀಗೆ: 2 ಮಾರಿಗೆ ಎರಡು ಸೀಳಿನ ಚರ್ಮ, 3ಕ್ಕೆ ಮೂರು ಸೀಳಿನ ಚರ್ಮ, 5ಕ್ಕೆ ಬಿಳಿ ಹತ್ತಿಬಟ್ಟೆ, 7ಕ್ಕೆ ಕೆಂಪು ಉಣ್ಣೆಬಟ್ಟೆ, 10ಕ್ಕೆ ತೂತಿರುವ ಚರ್ಮ. ಬಣ್ಣ ಹಗಲಿಗೆ, ಬಟ್ಟೆಯ ಜಾತಿ ರಾತ್ರಿಗೆ. ಕತ್ತಲಲ್ಲಿ ಬೆರಳಿನಿಂದ, ಬೆರಳು ಮರಗಟ್ಟಿದರೆ ತುಟಿಗೆ ಒತ್ತಿಕೊಂಡು ಗುರುತಿಸುತ್ತಿದ್ದರು. ಗುರುತಿರುವ ಆಳ ಬಂದರೆ ‘ಬೈ ದ ಮಾರ್ಕ್ ಫೈವ್’. ಗುರುತಿಲ್ಲದ 4, 6, 8, 9 ಬಂದರೆ ‘ಬೈ ದ ಡೀಪ್ ಸಿಕ್ಸ್’. ಕೇಳುವವನಿಗೆ ಇದರಿಂದ ಆಳ ಮಾತ್ರವಲ್ಲ, ಕೂಗಿದವನು ಗುರುತು ಹಿಡಿದು ಹೇಳಿದನೋ ಅಂದಾಜಿನಿಂದ ಹೇಳಿದನೋ ಎಂಬುದೂ ತಿಳಿಯುತ್ತದೆ. ಇಷ್ಟು ಪ್ರಾಮಾಣಿಕವಾದ ವರದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಾರೆ ಕೆಲಸದವರ ತೂಗುಗುಂಡು, ಹತ್ತು ಮಾರು ಹಗ್ಗ, ಹಳೆಯ ಬಟ್ಟೆಯ ಚೂರುಗಳಿದ್ದರೆ ನೀವೂ ಕಟ್ಟಬಹುದು. ಸುತ್ತ ಗೋಡೆಯಿರುವ ಹಳೆಯ ತೆರೆದ ಬಾವಿಯಲ್ಲಿ ಇಳಿಬಿಡಿ. ನಮ್ಮೂರ ಬಾವಿಯಲ್ಲಿ ನೀರಿಗೆ ಬರವಿದೆ, ಆಳಕ್ಕೆ ಬರವಿಲ್ಲ. ಗುಂಡಿನ ತಳದ ಗುಳಿಯಲ್ಲಿ ತುಸು ಗ್ರೀಸ್ ಮೆತ್ತಿದರೆ ತಳದ ಮಣ್ಣು ಅಂಟಿಕೊಂಡು ಬರುತ್ತದೆ. ನಾವಿಕರು ಅಲ್ಲಿ ಪ್ರಾಣಿಯ ಕೊಬ್ಬು ತುಂಬಿ, ಮರಳೋ ಕೆಸರೋ ಚಿಪ್ಪೋ ಎಂದು ನೋಡಿ ತಾವು ಎಲ್ಲಿದ್ದೇವೆಂದು ಊಹಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ಗುರುತು ಹಿಡಿದು ಕೂಗಿ. ಪಕ್ಕದಲ್ಲಿ ಒಬ್ಬರು ಮರುನುಡಿದು ಬರೆದುಕೊಳ್ಳಲಿ.

ನಮಸ್ಕಾರ, ಬೀಳ್ಕೊಡುಗೆ

ಭಾರತೀಯ ನೌಕಾಪಡೆಯಲ್ಲಿ ನಮಸ್ಕಾರದ ಮಾತು ‘ಜೈ ಹಿಂದ್’. ಧ್ಯೇಯವಾಕ್ಯ ‘ಶಂ ನೋ ವರುಣಃ’, ವರುಣ ನಮಗೆ ಮಂಗಳವನ್ನು ಉಂಟುಮಾಡಲಿ ಎಂದು. ಮಳೆಗಾಗಿ ವರುಣನನ್ನು ಬೇಡುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈನಿಕ ಅಂಗೈಯನ್ನು ಎದುರಿಗೆ ತೋರಿಸಿ ಸೆಲ್ಯೂಟ್ ಮಾಡಿದರೆ ನಾವಿಕ ಅಂಗೈಯನ್ನು ಕೆಳಮುಖವಾಗಿ ಹಿಡಿಯುತ್ತಾನೆ. ಟಾರು, ಗ್ರೀಸು ಮೆತ್ತಿದ ಕೈ ಕಾಣಬಾರದೆಂದು ಹಾಗೆ ಎಂದು ಹೇಳುವುದು ವಾಡಿಕೆ. ಚೆನ್ನಾಗಿ ಕೆಲಸ ಮಾಡಿದವರಿಗೆ ‘ಬ್ರಾವೋ ಝುಲು’ ಎನ್ನುತ್ತಾರೆ. ಬಿ ಮತ್ತು ಝಡ್ ಎಂಬ ಎರಡು ಸಂಕೇತಗಳು ಅವು, ಶಹಭಾಸ್ ಎಂದು ಅರ್ಥ.

ರಾತ್ರಿ ಕಾವಲಿನವನು ಗಂಟೆ ಬಾರಿಸಿದಾಗ ‘ಆಲ್ ಈಸ್ ವೆಲ್, ಲೈಟ್ಸ್ ಬರ್ನಿಂಗ್ ಬ್ರೈಟ್ಲಿ’ ಎಂದು ಕೂಗುವುದು ಹಳೆಯ ಪದ್ಧತಿ: ಎಲ್ಲ ಕ್ಷೇಮ, ದೀಪಗಳು ಚೆನ್ನಾಗಿ ಉರಿಯುತ್ತಿವೆ. ಅರ್ಧ ಗಂಟೆಗೊಮ್ಮೆ ಒಂದೊಂದು ಗಂಟೆ ಹೆಚ್ಚಿಸಿ ಬಾರಿಸುತ್ತಾ, ನಾಲ್ಕು ತಾಸಿನ ಪಾಳಿ ಮುಗಿಯುವಾಗ ಎಂಟಾಗುತ್ತದೆ.

ಹೊರಡುವವರಿಗೆ ‘ಫೇರ್ ವಿಂಡ್ಸ್ ಅಂಡ್ ಫಾಲೋಯಿಂಗ್ ಸೀಸ್’ ಎನ್ನುತ್ತಾರೆ, ಅನುಕೂಲದ ಗಾಳಿ ಬೀಸಲಿ, ಅಲೆ ಹಿಂದಿನಿಂದ ತಳ್ಳಲಿ ಎಂದು. ಶುಭಾಶಯ ಪತ್ರದಲ್ಲಿ ಚೆಂದ. ನಿಜವಾಗಿ ದೊಡ್ಡ ಅಲೆ ಹಿಂದಿನಿಂದ ಬಂದರೆ ಚುಕ್ಕಾಣಿಗೆ ಹಿಡಿತ ಸಿಗದೆ ಹಡಗು ಅಡ್ಡ ತಿರುಗುವ ಅಪಾಯವಿದೆ. ಹಾಗಾಗಿ ನಾನು ಯಾರಿಗೂ ಅದನ್ನು ಹಾರೈಸುವುದಿಲ್ಲ, ‘ಹೋಗಿ ಬಾ’ ಎನ್ನುತ್ತೇನೆ. ಮರಳಿ ಬರುವುದನ್ನೂ ಸೇರಿಸಿಯೇ ಕಳುಹಿಸುವ ಮಾತು ಅದು.

ಡೆಕ್ ಮೇಲೆ ಸಿಳ್ಳೆ ಹಾಕಬೇಡಿ. ಬಿರುಗಾಳಿಯನ್ನು ಕರೆದಂತೆ ಎಂಬ ನಂಬಿಕೆ ಒಂದು. ಬೋಸನ್ ಆಜ್ಞೆಗಳನ್ನು ಪೀಪಿ ಊದಿ ಕೊಡುತ್ತಿದ್ದುದರಿಂದ ಗೊಂದಲವಾಗುತ್ತದೆ ಎಂಬ ಕಾರಣ ಇನ್ನೊಂದು. ಎತ್ತು ನೀರು ಕುಡಿಯುವಾಗ ಸಿಳ್ಳೆ ಹಾಕಿ ಬೆಳೆದ ನನಗೆ ಈ ಚಟ ಬಿಡಲು ವರ್ಷ ಹಿಡಿಯಿತು. ಸಿನಿಮಾದ ಕಡಲ್ಗಳ್ಳರ ‘ಆರ್ರ್’ ಅನ್ನೂ ಬಿಟ್ಟುಬಿಡಿ.

ಆಟಕ್ಕೆ ಕೂಗಬಾರದ ಕೂಗು

‘ಮೇಡೇ’ ಎಂಬುದು ಜೀವ ಹೋಗುವ ಅಪಾಯಕ್ಕೆ ಮಾತ್ರ. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಇದನ್ನು ಸೂಚಿಸಿದರು. ನನಗೆ ಸಹಾಯ ಮಾಡಿ ಎಂಬರ್ಥದ ಫ್ರೆಂಚ್ ‘ಮೆಡೇ’ಯಿಂದ. 1927ರಲ್ಲಿ ಅದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ಹಡಗಿನ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಮೂರು ಸಲ ಮೇಡೇ ಎಂದು, ಹಡಗಿನ ಹೆಸರನ್ನು ಮೂರು ಸಲ ಹೇಳಿ, ಎಲ್ಲಿದ್ದೇವೆ, ಏನಾಯಿತು, ಯಾವ ನೆರವು ಬೇಕು, ಎಷ್ಟು ಜನ ಇದ್ದೇವೆ ಎಂದು ಹೇಳಬೇಕು. ಜೀವಕ್ಕೆ ತಕ್ಷಣದ ಅಪಾಯವಿಲ್ಲದ ತುರ್ತಿಗೆ ‘ಪಾನ್ ಪಾನ್’. ರೇಡಿಯೊದಲ್ಲಿ ಸುಳ್ಳು ಮೇಡೇ ಅಪರಾಧ. ಅಭ್ಯಾಸಕ್ಕೆ ಕಾಗದದ ಮೇಲೆ ಬರೆದು ಮೆಲ್ಲಗೆ ಓದಿ, ಸಾಕು.

ರೇಡಿಯೊ ಮಾತಿನ ಎರಡು ತಪ್ಪುಗಳನ್ನು ಈಗಲೇ ತಿದ್ದಿಕೊಳ್ಳಿ. ‘ರೋಜರ್’ ಎಂದರೆ ಹೌದು ಎಂದಲ್ಲ, ನಿಮ್ಮ ಮಾತು ನನಗೆ ತಲುಪಿತು ಎಂದಷ್ಟೇ. ‘ಓವರ್ ಅಂಡ್ ಔಟ್’ ಎಂಬುದು ಅಸಂಬದ್ಧ: ಓವರ್ ಎಂದರೆ ನನ್ನ ಮಾತು ಮುಗಿಯಿತು, ನೀನು ಓಗೊಡು; ಔಟ್ ಎಂದರೆ ಸಂಭಾಷಣೆಯೇ ಮುಗಿಯಿತು, ಓಗೊಡುವುದು ಬೇಡ.

ಕತ್ತಲಾಗುವ ಮುನ್ನ ಹೆಸರು ಕರೆಯುವುದು ಕೊನೆಯ ಪಾಠ, ಪ್ರತಿ ಸಂಜೆಯೂ ಇರುತ್ತದೆ. ಹಡಗಿನಲ್ಲಿ ಇದು ಮಸ್ಟರ್. ಏರಿಯ ಮೇಲೆ ಚದುರಿದವರೆಲ್ಲ ತಾವಿರುವ ಕಡೆಯಿಂದಲೇ ತಮ್ಮ ಹೆಸರಿಗೆ ಓ ಎನ್ನಬೇಕು. ಪಕ್ಕದವನ ಪರವಾಗಿ ಯಾರೂ ಓ ಎನ್ನುವಂತಿಲ್ಲ. ಮೊನ್ನೆ ಹನ್ನೊಂದು ಹೆಸರು ಕರೆದೆ, ಹತ್ತು ಓ ಬಂದವು. ಹನ್ನೊಂದನೆಯವನು ತೂಬಿನ ಹಿಂದೆ ಕುಳಿತು ಮೊಬೈಲ್ ನೋಡುತ್ತಿದ್ದ. ಅವನು ಓ ಎನ್ನುವ ತನಕ ಹಗ್ಗ ಸುತ್ತಲಿಲ್ಲ, ಯಾರನ್ನೂ ಮನೆಗೆ ಬಿಡಲಿಲ್ಲ.